ಒಂದು ಗೇಣು ಕಡಿಮೆ

ನಮ್ಮೂರ ಜೈಲಿನ ಪಡುವಣ ಗೋಡೆ ತಿಂಗಳಿಗೆ ನಾಲ್ಕು ಬೆರಳಿನಷ್ಟು ಊರಿನ ಕಡೆಗೆ ಸರಿಯುತ್ತದೆ. ಅದನ್ನು ಅಳೆಯುವ ಕೆಲಸ ನನ್ನದು. ನನಗಿಂತ ಮುಂಚೆ ನಮ್ಮಪ್ಪ ಅಳೆಯುತ್ತಿದ್ದ, ಅವನಿಗಿಂತ ಮುಂಚೆ ಅವನ ಸೋದರಮಾವ. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಎಂಟು ಗೇಣುದ್ದದ ಬಿದಿರು ಕೋಲು ಹಿಡಿದು ಹೋಗಬೇಕು. ಹಳೆಯ ಗೂಟದಿಂದ ಗೋಡೆಯ ಬುಡದವರೆಗೆ ಅಳೆಯಬೇಕು. ಹೊಸ ಗೂಟ ನೆಟ್ಟು, ಜೈಲಿನ ಕಚೇರಿಗೆ ಹೋಗಿ ಹೇಳಿ ಬರಬೇಕು. ಮೂರು ತಲೆಮಾರಿನಲ್ಲಿ ಗೋಡೆ ನಾಲ್ಕು ಬೆರಳಿಗೆ ಹೆಚ್ಚು ಸರಿದದ್ದೂ ಇಲ್ಲ, ಕಡಿಮೆ ಸರಿದದ್ದೂ ಇಲ್ಲ. ಆದರೂ ಅಳೆಯಬೇಕು.

ಸರಿಯುವುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಹೆಂಗಸರು ಅದಕ್ಕೆ ಬೆರಣಿ ತಟ್ಟುತ್ತಾರೆ, ದನ ಮೈ ಉಜ್ಜುತ್ತವೆ. ವಯಸ್ಸಾದವರು ತಮ್ಮ ವಯಸ್ಸನ್ನು ಅದರಿಂದಲೇ ಹೇಳುತ್ತಾರೆ. ಗೋಡೆ ಹುಣಸೆಮರದ ಹತ್ತಿರ ಇದ್ದಾಗ ನನ್ನ ಮದುವೆಯಾಯಿತು, ಗೋಡೆ ಬಾವಿ ದಾಟಿದ ವರ್ಷ ದೊಡ್ಡ ಮಗ ಹುಟ್ಟಿದ, ಹೀಗೆ. ಬೇರೆ ಮೂರು ಗೋಡೆಗಳು ಕಟ್ಟಿದಲ್ಲೇ ಇವೆ. ಪಡುವಣದ್ದು ಮಾತ್ರ ಬರುತ್ತದೆ. ಹೊಲಕ್ಕೆ ಬಂದರೆ ಹೊಲದವರು ಪಾಸು ಮಾಡಿಸಿಕೊಂಡು ಒಳಗೆ ಹೋಗಿ ಉತ್ತು ಬರುತ್ತಾರೆ. ಒಳಗೆ ಸೇರಿದ ನೆಲದಲ್ಲಿ ಹೊಸದಾಗಿ ಏನನ್ನೂ ಕಟ್ಟಬಾರದು, ಒಂದು ಗುಡಿಸಲು ಸಹ. ಇದ್ದದ್ದು ಇದ್ದ ಹಾಗೆ ಇರಬಹುದು. ಅದೊಂದೇ ಕಟ್ಟಳೆ.

ಅರವತ್ತು ವರ್ಷ ಗೋಡೆ ಬರೀ ಹೊಲಗಳಲ್ಲೇ ನಡೆಯಿತು. ಕಳೆದ ವರ್ಷ ಮೊದಲ ಸಲ ಒಂದು ಮನೆಗೆ ಬಂತು. ಊರಿನ ಅಂಚಿನಲ್ಲಿರುವ ಹೊಂಬಾಳಮ್ಮನ ಮನೆ ಅದು. ಹಿಂಬದಿಯಿಂದ ಬಂದು ಅಡುಗೆಮನೆಯ ನೆಲದ ಮೇಲೆ ನಿಂತಿತು. ಗಾರೆಯವರು ನಿಂತು ಕಟ್ಟಿದ ಹಾಗೆ, ಒಂದು ಬಾಗಿಲಿನಷ್ಟು ಸಂದು ಬಿಟ್ಟುಕೊಂಡೇ ಬಂದಿತ್ತು. ಆ ಸಂದಿನಲ್ಲಿ ಒಬ್ಬ ಪಹರೆಯವನನ್ನು ಕೂರಿಸಿದರು. ಒಲೆ ಜೈಲಿನೊಳಗೆ, ನಡುಮನೆ ಹೊರಗೆ.

"ಪಾಸ್ ತೋರ್ಸವ್ವ" ಅಂತ ಪಹರೆಯವನು ಮೊದಮೊದಲು ಅವಳನ್ನು ಕೆಣಕುತ್ತಿದ್ದನಂತೆ.

"ನನ್ ಸಾರಿಗೆ ನಾನೇ ಪಾಸ್ ಮಾಡಿಸ್ಕೋಬೇಕಾ? ನೀನು ಉಣ್ಣೋ ಮುದ್ದೆಗೂ ಮಾಡಿಸ್ಲೋ?" ಅಂತ ಅವಳು ಮಡಕೆ ಎತ್ತಿಕೊಂಡು ಅವನ ಮಂಡಿ ದಾಟಿ ಹೋಗುತ್ತಿದ್ದಳಂತೆ. ಮಧ್ಯಾಹ್ನ ಅವನಿಗೂ ಒಂದು ಮುದ್ದೆ ಇಡುತ್ತಿದ್ದಳು. ಅವಳ ಒಬ್ಬನೇ ಮಗ ಬೋರಲಿಂಗ ಆಗ ಅದೇ ಜೈಲಿನಲ್ಲಿದ್ದ. ಗೋಡೆ ಮನೆಗೆ ಬಂದದ್ದಕ್ಕೆ ಅವಳು ಅಳಲಿಲ್ಲ. ಮಗ ಇರುವ ಕಡೆಗೆ ನನ್ನ ಒಲೆ ಹೋಯಿತು ಅಂದಳು.

ಜೈಲಿನಲ್ಲಿರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಲ್ಲುಗಣಿಯಿಂದ ಬಂದವರು. ಗಣಿಯಲ್ಲಿ ಸೊಂಟ ಹೋಗುತ್ತದೆ, ಭುಜ ಹೋಗುತ್ತದೆ. ಮೇಸ್ತ್ರಿಗಳು ಮೊದಲು ನೋವಿಗೆ ಅಂತ ಸೂಜಿ ಚುಚ್ಚಿಸುತ್ತಾರೆ, ಕೆಲಸ ನಿಲ್ಲಬಾರದಲ್ಲ. ಸೂಜಿ ಸಿಗದ ದಿನ ಅಫೀಮು. ಆಮೇಲೆ ನೋವಿಲ್ಲದ ದಿನವೂ ಅಫೀಮು. ಅದಕ್ಕಾಗಿ ಪಂಪುಸೆಟ್ಟಿನ ವೈರು ಕೀಳುವುದು, ಪಾತ್ರೆ ಕದಿಯುವುದು, ಹಿಡಿಸಿಕೊಂಡು ಬಂದು ಒಳಗೆ ಬೀಳುವುದು. ನಮ್ಮಪ್ಪನ ಕಾಲದಲ್ಲಿ ಹಾಗೆ ಬಂದವರು ಮೊದಲ ಹತ್ತು ದಿನ ಕೂಗುವ ಕೂಗು ಹೊಲದಲ್ಲಿ ಕಳೆ ಕೀಳುವವರಿಗೂ ಕೇಳಿಸುತ್ತಿತ್ತು. ಹೆಂಗಸರು ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರು.

ಏಳು ವರ್ಷದ ಹಿಂದೆ ಸರ್ಕಾರ ಅದಕ್ಕೆಂದು ಹಣ ಮಂಜೂರು ಮಾಡಿತು. ಗ್ಲಾಡಿಸ್ ಸಿಸ್ಟರ್ ಎಂಬ ನರ್ಸು ಬಂದರು. ಬೆಳಿಗ್ಗೆ ಏಳಕ್ಕೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ನಾಲಿಗೆಯಡಿ ಒಂದೊಂದು ಗುಳಿಗೆ ಇಟ್ಟು, ಅದು ಕರಗುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಕೂಗು ನಿಂತಿತು. ಒಳಗಿನವರು ಊಟ ಮಾಡಿದರು, ಮೈ ತುಂಬಿಕೊಂಡರು, ತಾಯಂದಿರಿಗೆ ಕಾಗದ ಬರೆಸಿದರು. ಊರಿನಲ್ಲಿ ಎಲ್ಲರೂ ಸರ್ಕಾರವನ್ನು ಹೊಗಳಿದೆವು.

ಆದರೆ ಆ ಹಣ ಗೋಡೆ ದಾಟುತ್ತಿರಲಿಲ್ಲ. ಶಿಕ್ಷೆ ಮುಗಿಸಿ ಹೊರಗೆ ಕಾಲಿಟ್ಟವನಿಗೆ ಮರುದಿನದ ಗುಳಿಗೆ ಇಲ್ಲ. ಎರಡನೇ ದಿನ ಬೆವರು, ಮೂರನೇ ದಿನ ನಡುಕ, ನಾಲ್ಕನೇ ದಿನ ಅವನು ಗಣಿಯ ದಾರಿ ಹಿಡಿದಿರುತ್ತಿದ್ದ. "ಮೊದಲು ಎಷ್ಟು ತಗೋತಿದ್ರೋ ಅಷ್ಟೇ ತಗೋತಾರೆ ಕೆಂಗಯ್ಯ" ಅಂತ ಸಿಸ್ಟರ್ ಒಂದು ಸಲ ನನಗೆ ಹೇಳಿದ್ದರು. "ಮೈಗೆ ಅಷ್ಟು ತಡಕೊಳ್ಳೋದು ಮರೆತುಹೋಗಿರತ್ತೆ. ಅವರಿಗೆ ಮಾತ್ರ ಲೆಕ್ಕ ಮರೆತಿರಲ್ಲ. ಮಲಗಿದವರು ಏಳಲ್ಲ." ಯೋಜನೆ ಬಂದ ಮೇಲೆ ಹಾಗೆ ಬಿಡುಗಡೆಯಾದ ನಮ್ಮೂರಿನವರಲ್ಲಿ ಒಂಬತ್ತು ಜನ ಹದಿನೈದು ದಿನದೊಳಗೆ ಹೋದರು.

ಜೈಲಿನ ಸಾಹೇಬರು ಕೆಟ್ಟವರಲ್ಲ. ಮೂರು ಸಲ ಮೇಲಕ್ಕೆ ಬರೆದರು. ಮೂರನೆಯ ಸಲ ಉತ್ತರ ಬಂತು. ಒಳಗಿನವರಿಗೆಂದು ಕೊಟ್ಟ ಹಣವನ್ನು ಹೊರಗೆ ಖರ್ಚು ಮಾಡಲಾಗದು. ಆದರೆ ಬಿಡುಗಡೆಯಾದವನಿಗೆ ಗೋಡೆಯ ಒಳಗಡೆ, ನಂಬರಿರುವ ಮನೆಯ ಸೂರಿನಡಿ, ಒಂದಾಳು ಕಾಲು ಚಾಚಿ ಮಲಗುವಷ್ಟು ನೆಲವಿದ್ದರೆ ಅವನನ್ನು ಒಳಗಿನವನೆಂದೇ ತಿಳಿದು ಒಂದು ವರ್ಷ ಔಷಧಿ ಕೊಡಬಹುದು. ಒಂದಾಳುದ್ದ ಅಂದರೆ ಎಷ್ಟು ಅಂತ ಸಾಹೇಬರು ನನ್ನನ್ನು ಕರೆಸಿ ಕೇಳಿದರು. ನಾನು ಕೋಲು ತೋರಿಸಿದೆ. ಎಂಟು ಗೇಣು ಅಂತ ಆಯಿತು. ಆಗ ಗೋಡೆಯೊಳಗೆ ಹೊಲ, ಬಾವಿ ಬಿಟ್ಟರೆ ಒಂದು ಸೂರೂ ಇರಲಿಲ್ಲ. ಸಾಹೇಬರು ಕಾಗದವನ್ನು ಮಡಿಸಿ ಬೀರುವಿನೊಳಗೆ ಇಟ್ಟರು.

ಹೊಂಬಾಳಮ್ಮನ ಅಡುಗೆಮನೆಗೆ ಗೋಡೆ ಬಂದ ಮೇಲೆ ಆ ಕಾಗದ ಮತ್ತೆ ಹೊರಗೆ ಬಂತು. ಬೋರಲಿಂಗನ ಬಿಡುಗಡೆಗೆ ಒಂದು ವಾರ ಇತ್ತು. ಸಾಹೇಬರು, ಸಿಸ್ಟರ್, ನಾನು ಮೂವರೂ ಹೋದೆವು. ಅಳೆಯುವಾಗ ನೆಲ ಕಳಕೊಳ್ಳುವವರು ದೂರ ನಿಲ್ಲಬೇಕು ಎಂಬುದು ನಮ್ಮಪ್ಪನ ಕಾಲದಿಂದ ನಡೆದುಬಂದದ್ದು, ಅವರು ಅಳುತ್ತಾರೆ, ಕೋಲು ಹಿಡಿದುಕೊಳ್ಳುತ್ತಾರೆ ಅಂತ. ಹೊಂಬಾಳಮ್ಮ ಬೀದಿಯಲ್ಲಿ ನಿಂತಿದ್ದಳು. ಜೈಲಿನ ಗೋಡೆಗೂ ಮನೆಯ ಹಿಂಗೋಡೆಗೂ ನಡುವೆ ಕಿರಿದಾದ ಪಟ್ಟಿಯಷ್ಟು ನೆಲ ಒಳಗೆ ಸೇರಿತ್ತು. ಅಡ್ಡ ಮಲಗಲು ಅಗಲ ಸಾಲದು, ಉದ್ದಕ್ಕೇ ಮಲಗಬೇಕು. ಆ ಉದ್ದಕ್ಕೆ ಕೋಲು ಇಟ್ಟೆ. ತುದಿ ಒಲೆಕಟ್ಟೆಗೆ ತಗುಲಿ ನಿಂತಿತು. ಒಲೆಕಟ್ಟೆಗೂ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಮತ್ತೆ ಇಟ್ಟು ನೋಡಿದೆ. ಏಳು ಗೇಣು.

"ಒಂದು ಗೇಣು ಕಡಿಮೆ ಸ್ವಾಮಿ" ಅಂದೆ.

ಸಾಹೇಬರು ನನ್ನ ಮುಖ ನೋಡಿದರು. ಎಂಟು ಅಂತ ನಾನು ಹೇಳಿದ್ದರೆ ಬರೆದುಕೊಳ್ಳುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸುಳ್ಳು ಅಳತೆ ಹೇಳಿಲ್ಲ. ಹೊರಗೆ ಬಂದು ಹೊಂಬಾಳಮ್ಮನಿಗೂ ಅದನ್ನೇ ಹೇಳಿದೆ, ಒಂದು ಗೇಣು ಕಡಿಮೆ ಬಂತು ಕಣಕ್ಕ ಅಂತ. ಅವಳು ತನ್ನ ಹೆಬ್ಬೆರಳು ಕಿರುಬೆರಳು ಚಾಚಿ ಆ ಗೇಣನ್ನು ನೋಡಿಕೊಂಡಳು. "ಇಷ್ಟೇನಾ?" ಅಂದಳು. "ಮೂರು ತಿಂಗಳು ಕಳದ್ರೆ ಗೋಡೆ ಒಂದು ಗೇಣು ಸರೀತದಲ್ಲ. ಅಲ್ಲೀಗಂಟ ಅವನನ್ನ ನಾನು ಹಿಡ್ಕೊಂಡಿರ್ತೀನಿ ಬಿಡು." ಗೋಡೆ ಸರಿದರೆ ಅಗಲ ಹೆಚ್ಚುತ್ತದೆಯೇ ಹೊರತು ಈ ಉದ್ದ ಹೆಚ್ಚುವುದಿಲ್ಲ ಎಂದು ನಾನು ಬಿಡಿಸಿ ಹೇಳಲಿಲ್ಲ. ಬಿಸಿಲು ಏರುತ್ತಿತ್ತು, ಇನ್ನೂ ಎರಡು ಗೂಟ ನೆಡುವುದಿತ್ತು.

ಬೋರಲಿಂಗ ಬಿಡುಗಡೆಯಾದ ಒಂಬತ್ತನೇ ದಿನ ಹೋದ. ಗಣಿಯ ಹಳೆಯ ಶೆಡ್ಡಿನಲ್ಲಿ ಸಿಕ್ಕಿದ. ನಾನೂ ಹೆಗಲು ಕೊಟ್ಟೆ.

ಇದಾಗಿ ಮೂರು ತಿಂಗಳಿಗೆ ನನ್ನ ತಮ್ಮ ಗವಿರಂಗನ ಬಿಡುಗಡೆ ಬಂತು.

ಗವಿರಂಗ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವ್ವ ಹೋದಾಗ ಇನ್ನೂ ಎಳೆಗೂಸು, ನನ್ನ ಹೆಂಡತಿ ಚೆಲುವಿಯೇ ಸಾಕಿದಳು. ಗಣಿಯಲ್ಲಿ ಬಂಡೆ ಜಾರಿ ತೊಡೆಯ ಮೇಲೆ ಬಿತ್ತು. ಉಳಿದದ್ದೆಲ್ಲ ಮೇಲೆ ಹೇಳಿದ ದಾರಿಯೇ. ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರ ಕದ್ದ ಕೇಸು, ಎರಡೂವರೆ ವರ್ಷ. ನಾನು ತಿಂಗಳಿಗೊಮ್ಮೆ ಅಳತೆ ಹೇಳಲು ಹೋದಾಗ ನೋಡಿ ಬರುತ್ತಿದ್ದೆ. ಗುಳಿಗೆ ಶುರುವಾದ ಮೇಲೆ ಅವನ ಕಣ್ಣು ಮೊದಲಿನ ಹಾಗಾಗಿತ್ತು. ಆ ಸಲ ಹೋದಾಗ ಕಂಬಿಯ ಆಚೆ ಪೆಟ್ಟಾದ ಕಾಲು ಚಾಚಿ ಕೂತಿದ್ದ.

"ಗುರುವಾರ ಬಿಡ್ತಾರಂತಲ್ಲೋ" ಅಂದೆ.

"ಹೂಂ ಕಣಣ್ಣ." ಕಂಬಿ ಹಿಡಿದು ಹತ್ತಿರ ಜರುಗಿದ. "ಇನ್ನೊಂದು ವರ್ಷ ಇರ್ಲಿ ಅಂತ ಸಾಹೇಬ್ರಿಗೆ ಹೇಳಕ್ಕಾಗಲ್ವಾ?"

"ಶಿಕ್ಷೆ ಮುಗಿದೋನನ್ನ ಹೆಂಗ್ಲಾ ಇಟ್ಕೋತಾರೆ?"

"ಯಾರಿಗಾರ ಹೊಡೆದ್ರೆ ಇಟ್ಕೋತಾರೆ. ಈ ಮೂಲೇಲಿ ಒಬ್ಬ ಅವ್ನೆ, ಅವನಿಗೆ ಹೊಡೆಯಣ ಅಂತ ಮೂರು ದಿನದಿಂದ ನೋಡ್ತಿವ್ನಿ. ಪಾಪ, ಒಳ್ಳೇವ್ನು. ಕೈ ಏಳಲ್ಲ." ನಗಲು ಹೋದ. "ಅಣ್ಣ, ಬೋರಣ್ಣನ ಗತಿ ನೋಡಿ ನಂಗೆ ಭಯ ಹತ್ಕೊಂಡದೆ. ಅವನು ಹೋಗೋವಾಗ ಏನು ಹೇಳಿ ಹೋಗಿದ್ದ ಗೊತ್ತಾ? ಗಣಿ ಕಡೆ ತಲೆ ಹಾಕಿ ಮಲಗಲ್ಲ ಕಣ್ಲಾ ರಂಗ ಅಂದಿದ್ದ. ದೇವರಾಣೆ ಮಾಡಿದ್ದ."

ಮನೆಗೆ ಬಂದಾಗ ಚೆಲುವಿ ಒಲೆಗೆ ಮಣ್ಣು ಮೆತ್ತುತ್ತಿದ್ದಳು. ನಾನು ಊಟಕ್ಕೆ ಕೂರಲಿಲ್ಲ, ಅವಳ ಕೈಯನ್ನೇ ನೋಡುತ್ತ ನಿಂತೆ. ಬಿರುಕು ಬಿಟ್ಟಿದ್ದ ಕಡೆ ಒಂದು ಮೂಲೆಯನ್ನೇ ಕಿತ್ತು, ಹೊಸ ಮಣ್ಣು ಇಟ್ಟು ಸವರುತ್ತಿದ್ದಳು. ಒಲೆ ಅಂದರೆ ಮಣ್ಣು. ಐವತ್ತೆರಡು ವರ್ಷದ ನನಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅವತ್ತು ಅಲ್ಲಿ ನಿಂತು ಮೊದಲ ಸಲ ತಿಳಿದ ಹಾಗಾಯಿತು. ಹೊಂಬಾಳಮ್ಮನ ಒಲೆಕಟ್ಟೆಯೇ ಮೂರು ಗೇಣು. ಏಳು ಮೂರು ಹತ್ತು. ಒಳಗೆ ಕಟ್ಟಬಾರದು ಅಂತ ಕಟ್ಟಳೆ ಇದೆ, ಒಡೆಯಬಾರದು ಅಂತ ಎಲ್ಲಿದೆ?

ಚೆಲುವಿ ತಲೆಯೆತ್ತಿ "ಏನಾಯ್ತು?" ಅಂದಳು. ಹೇಳಿದೆ. ಅವಳು ಮಣ್ಣಿನ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು. ತಮ್ಮ ಉಳಿಯುತ್ತಾನೆ ಅಂತ ಅವಳ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು, ಮರುಗಳಿಗೆ ಹೋಯಿತು.

"ಆವಮ್ಮನ ಮುಂದೆ ಹೆಂಗೆ ಹೇಳ್ತೀರಿ?" ಅಂದಳು.

ಮಾರನೆಯ ದಿನ ಹೊತ್ತು ಏರಿದ ಮೇಲೆ ಹೋದೆ. ಹೊಂಬಾಳಮ್ಮ ನಡುಮನೆಯಲ್ಲಿ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ಗೋಡೆಯ ಸಂದಿನಲ್ಲಿ ಪಹರೆಯವನು ಕೂತಿದ್ದ, ಅವನ ಬೆನ್ನ ಹಿಂದೆ ಒಲೆಯ ಹೊಗೆ ಕಾಣುತ್ತಿತ್ತು. ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ನಾನು ಹೊಸಿಲಿನ ಹೊರಗೇ ಕೂತೆ.

"ಹೊಂಬಾಳಕ್ಕ, ಗವಿರಂಗನನ್ನ ಗುರುವಾರ ಬಿಡ್ತಾರೆ."

"ಕೇಳ್ದೆ."

"ನಿನ್ನ ಅಡುಗೆಮನೇಲಿ ಅವನಿಗೆ ಮಲಗಕ್ಕೆ ಜಾಗ ಕೊಟ್ರೆ..."

"ನೀನೇ ಅಳೆದು ಸಾಲಲ್ಲ ಅಂದಿದ್ದೆಯಲ್ಲ ಕೆಂಗಯ್ಯ. ನಿನ್ನ ತಮ್ಮನೇನು ಏಳೇ ಗೇಣಾ?"

ಪಹರೆಯವನು ನಗಬೇಕೋ ಬೇಡವೋ ತಿಳಿಯದೆ ಮುಖ ಆಚೆ ಮಾಡಿದ. ನಾನು ಹೇಳಲೇಬೇಕಿತ್ತು. "ಒಲೆ ತೆಗೆದ್ರೆ ಹತ್ತು ಗೇಣು ಆಯ್ತದೆ ಅಕ್ಕ. ಅಡ್ಡ ಇದ್ದದ್ದು ಒಲೆ."

ಮೊರ ನಿಂತಿತು.

"ಇದು ಯಾವತ್ತು ಹೊಳೀತು ನಿಂಗೆ?"

"ನಿನ್ನೆ."

"ಬೋರನಿಗೆ ಅಳೆದ ದಿನವೂ ಒಲೆ ಅಲ್ಲೇ ಇತ್ತು."

"ಅಲ್ಲೇ ಇತ್ತು."

"ಕೋಲು ಅದಕ್ಕೇ ತಾನೆ ತಗಲಿದ್ದು?"

"ಅದಕ್ಕೇ."

"ಒಂದು ಗೇಣು ಕಮ್ಮಿ ಅಂದೆ. ಯಾತರಿಂದ ಕಮ್ಮಿ ಅಂತ ಒಂದು ಮಾತು ಹೇಳಿದ್ರೆ..." ಅವಳ ದನಿ ಏರಲಿಲ್ಲ. "ನಾನು ಬೀದೀಲಿ ನಿಂತಿದ್ದೆ ಕಣಪ್ಪ. ನಂಗೆ ಕಾಣ್ತಿರಲಿಲ್ಲ. ಒಳಗೆ ನಿಂತಿದ್ದೋನು ನೀನು."

ನನ್ನ ಕೆಲಸ ಇರುವುದನ್ನು ಅಳೆಯುವುದು ಅಂತ ಹೇಳಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಬಾಯಿಗೆ ಬರಲಿಲ್ಲ. "ಹೊಳೀಲಿಲ್ಲ ಅಕ್ಕ" ಅಂದೆ.

"ತಮ್ಮನಿಗೆ ಅಂದಾಗ ಹೊಳೀತು."

"ಹೂಂ."

ಅವಳು ಮೊರವನ್ನು ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದಳು. ನನ್ನನ್ನು ಕಳಿಸಿಬಿಡುತ್ತಾಳೆ ಅಂದುಕೊಂಡೆ. ಕಳಿಸಿದ್ದರೆ ಹೋಗುತ್ತಿದ್ದೆ, ಎರಡನೆಯ ಸಲ ಕೇಳುವ ಮುಖ ನನಗಿರಲಿಲ್ಲ. ಅವಳು ಮೂಲೆಯಲ್ಲಿ ಒರಗಿಸಿದ್ದ ಒನಕೆ ತೆಗೆದುಕೊಂಡು ಗೋಡೆಯ ಸಂದಿನ ಕಡೆ ನಡೆದಳು. ಪಹರೆಯವನು ಎದ್ದು ನಿಂತು ದಾರಿ ಬಿಟ್ಟ.

ಒಲೆಯ ಮೇಲಿದ್ದ ಸಾರಿನ ಮಡಕೆ ಇಳಿಸಿದಳು. ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದಳು. ಬೂದಿಯ ಘಾಟು ನಡುಮನೆಯವರೆಗೂ ಬಂತು. ಒಲೆಗೆ ಒಂದು ಸಲ ಕೈ ಮುಗಿದು ಒನಕೆ ಎತ್ತಿದಳು. ನಾನು ಎದ್ದೆ. "ಕೂತ್ಕೋ ಅಲ್ಲೇ" ಅಂದಳು, ತಿರುಗಿ ನೋಡದೆ. ಅವಳ ಅತ್ತೆ ಕಟ್ಟಿದ ಒಲೆ ಅದು, ಬೇಗ ಬಗ್ಗಲಿಲ್ಲ. ಏಳೆಂಟು ಪೆಟ್ಟು ಬೀಳುವವರೆಗೂ ಬರೀ ಮಸಿ ಉದುರಿತು. ಆಮೇಲೆ ಒಂದು ಕಡೆಯ ಕೆನ್ನೆ ಬಿತ್ತು, ಉಳಿದದ್ದು ಜರಿಯಿತು. ಆ ಹೆಂಟೆಗಳನ್ನು ಮಂಕರಿಗೆ ತುಂಬಿ, ಸಂದು ದಾಟಿ, ನನ್ನ ಪಕ್ಕದಿಂದಲೇ ಹಾದು, ಬೀದಿಯಾಚೆ ತಿಪ್ಪೆಗೆ ಹಾಕಿ ಬಂದಳು. ಪಹರೆಯವನು ಮಂಕರಿಗೆ ಕೈ ಹಾಕಲು ಹೋದ, ಅವನಿಗೂ ಬೇಡ ಅಂದಳು. ಅರವತ್ತೈದು ದಾಟಿದ ಹೆಂಗಸು, ಹನ್ನೊಂದು ಸಲ ಹೋಗಿ ಬಂದಳು. ಒಂದೊಂದು ಸಲವೂ ನಾನು ಕಾಲು ಒಳಗೆ ಎಳೆದುಕೊಂಡು ದಾರಿ ಮಾಡಿಕೊಟ್ಟೆ.

ಕೊನೆಗೆ ನೆಲ ಗುಡಿಸಿ, ಸಗಣಿ ಸಾರಿಸಿ, ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ನಿಂಗೋಸ್ಕರ ಅಲ್ಲ" ಅಂದಳು. "ಬೋರನಿಗೆ ಒಳಗೆ ಜ್ವರ ಬಂದಾಗ ರಾತ್ರಿಯೆಲ್ಲ ತಲೆ ಒತ್ತಿದ್ದೋನು ನಿನ್ನ ತಮ್ಮನೇ ಅಂತೆ. ಬೋರ ಕಾಗದದಲ್ಲಿ ಬರೆಸಿದ್ದ. ಕರ್ಕೊಂಡ್ಬಾ ಹೋಗು."

ಗುರುವಾರ ಸಾಹೇಬರು, ಸಿಸ್ಟರ್, ನಾನು ಮತ್ತೆ ಹೋದೆವು. ಹೊಂಬಾಳಮ್ಮ ಬೀದಿಗೆ ಹೋಗಲು ಹೊರಟಳು. ನಾನು ಸಾಹೇಬರಿಗೆ, "ಆವಮ್ಮ ಒಳಗೇ ಇರಲಿ ಸ್ವಾಮಿ, ನೋಡಲಿ" ಅಂದೆ. ಅವರು ಆಗಲಿ ಅಂದರು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿದಳು. ಕೋಲು ನೆಲಕ್ಕೆ ಪೂರ್ತಿ ಮಲಗಿತು, ಆಚೆಗೆ ಇನ್ನೂ ಎರಡು ಗೇಣು ಉಳಿಯಿತು. ಸಾಹೇಬರು ಕಾಗದಕ್ಕೆ ರುಜು ಹಾಕಿದರು. ರುಜು ಹಾಕಿದ ಮೇಲೂ ಪೆನ್ನು ಮುಚ್ಚದೆ ಆ ಖಾಲಿ ಮೂಲೆಯನ್ನು ನೋಡುತ್ತ ನಿಂತರು. ಅವರಿಗೂ ಅರ್ಥವಾಗಿರಬೇಕು. ಸಿಸ್ಟರ್ ಕಣ್ಣು ಒರೆಸಿಕೊಂಡರು.

ಗವಿರಂಗ ಒಂದು ಚಾಪೆ, ಒಂದು ಕಂಬಳಿ ಹಿಡಿದು ಬಂದ. ಹೊಂಬಾಳಮ್ಮನ ಕಾಲಿಗೆ ಬೀಳಲು ಬಗ್ಗಿದ. ತೊಡೆ ಮಡಚಲಾರದೆ ಅರ್ಧದಲ್ಲಿ ನಿಂತ. "ಸಾಕು ಏಳು, ಬಿದ್ದು ಇನ್ನೊಂದು ಕಾಲೂ ಮುರ್ಕೊಂಡೀಯ" ಅಂತ ಅವಳು ಅವನ ರಟ್ಟೆ ಹಿಡಿದು ಎತ್ತಿದಳು. ಮಾರನೆಯ ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬಂದು ಅವನ ನಾಲಿಗೆಯಡಿ ಗುಳಿಗೆ ಇಟ್ಟು, ಕರಗುವವರೆಗೆ ನಿಂತಿದ್ದರಂತೆ. ಅದರ ಮಾರನೆಯ ದಿನವೂ ಬಂದರು. ನಾಲ್ಕನೇ ದಿನ ದಾಟಿತು, ಒಂಬತ್ತನೇ ದಿನ ದಾಟಿತು. ಒಂಬತ್ತನೇ ದಿನ ಹೊಂಬಾಳಮ್ಮ ಇಡೀ ದಿನ ಅವನನ್ನು ಕಣ್ಣಳತೆಯಿಂದ ಆಚೆ ಬಿಡಲಿಲ್ಲ ಅಂತ ಪಹರೆಯವನು ಹೇಳಿದ.

ಹತ್ತನೇ ದಿನ ನಾನು ಹೋದೆ. ಅವಳು ಮನೆಯ ಮುಂದೆ ಬಯಲಿನಲ್ಲಿ ಮೂರು ಕಲ್ಲು ಇಟ್ಟು ಅಡುಗೆ ಮಾಡುತ್ತಿದ್ದಳು. ಗಾಳಿಗೆ ಉರಿ ನಿಲ್ಲುತ್ತಿರಲಿಲ್ಲ. ಒಡೆದ ಒಲೆಯನ್ನು ಅಡುಗೆಮನೆಯಲ್ಲಿ ಮತ್ತೆ ಕಟ್ಟುವಂತಿಲ್ಲ. ನಡುಮನೆಯಲ್ಲಿ ಕಟ್ಟಬೇಕು.

"ಮಣ್ಣು ತರ್ಲಾ ಅಕ್ಕ?" ಅಂದೆ.

ಅವಳು ಹೊಗೆಯಿಂದ ಕಣ್ಣು ಕಿರಿದು ಮಾಡಿ ನೋಡಿದಳು. "ತಾ" ಅಂದಳು.

ಕೆರೆಯಂಗಳದಿಂದ ಎರಡು ಗಾಡಿ ಮಣ್ಣು ತಂದು ಅವಳ ಬಾಗಿಲ ಮುಂದೆ ಸುರಿದೆ. ಹೊಟ್ಟು ಬೆರೆಸಿದೆ, ನೀರು ಹಾಕಿದೆ, ಪಂಚೆ ಎತ್ತಿ ಕಟ್ಟಿ ತುಳಿಯಲು ನಿಂತೆ. ಒಳಗಿನಿಂದ ಗವಿರಂಗ, "ದೊಡ್ಡವ್ವ, ನಾನೂ ತುಳೀತೀನಿ" ಅಂದ. "ನೀನು ಸೊಪ್ಪು ಬಿಡಿಸು, ಸಾಕು" ಅಂದಳು. ನನ್ನ ಕೋಲು ಜಗಲಿಗೆ ಒರಗಿತ್ತು. ಒಲೆ ಎಲ್ಲಿ, ಎಷ್ಟು ಅಗಲ ಅಂತ ಅವಳು ಅದನ್ನು ಕೇಳಲಿಲ್ಲ, ತನ್ನ ಗೇಣಿನಿಂದಲೇ ನೆಲದ ಮೇಲೆ ಗುರುತು ಮಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮೀನಖಂಡ ಕಲ್ಲಾಗಿತ್ತು. ನಿಂತು, "ಸಾಕಾ ಅಕ್ಕ?" ಅಂದೆ.

ಅವಳು ಬಂದು ಒಂದು ಮುಷ್ಟಿ ಮಣ್ಣು ತೆಗೆದು ಹಿಸುಕಿ ನೋಡಿದಳು. ಬೆರಳ ಸಂದಿನಲ್ಲಿ ಸಿಕ್ಕಿದ ಒಂದು ಹರಳನ್ನು ಆಯ್ದು ಎಸೆದಳು.

"ಇನ್ನೂ ಹದ ಬಂದಿಲ್ಲ" ಅಂದಳು. "ತುಳಿ."

ತುಳಿದೆ.